ಓವರ್‌ಗೇಟ್ ಸೇತುವೆಯನ್ನು ನಾವು ಕೀಳುವುದಿಲ್ಲ

ಪ್ರಾಂತ್ಯದ ಸಂಯುಕ್ತ ಪ್ರಾಧಿಕಾರದ ಮೇಯರ್ ಅವರಿಗೆ

ಮಾನ್ಯರೇ,

ನಮ್ಮ ಊರಿನ ಕಾಲುಸೇತುವೆಯನ್ನು ಇಪ್ಪತ್ತೆಂಟು ದಿನಗಳೊಳಗೆ ಕಿತ್ತುಹಾಕಬೇಕೆಂದು ತಮ್ಮ ಕಚೇರಿ ಕಳಿಸಿದ ನೋಟಿಸು ತಲುಪಿದೆ. ನಾವು ಕೀಳುವುದಿಲ್ಲ. ಉತ್ತರ ಇಷ್ಟೇ. ಆದರೆ ಇಷ್ಟು ಚಿಕ್ಕ ಉತ್ತರವನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ತಿಳಿಯದೆ ತಮ್ಮವರು ಆರು ತಿಂಗಳು ಮೇಜಿನಿಂದ ಮೇಜಿಗೆ ಸಾಗಿಸುತ್ತಾರೆಂಬುದು ನನಗೆ ಅನುಭವದಿಂದ ಗೊತ್ತು. ಹಾಗಾಗಿ ಕಾರಣಗಳನ್ನೂ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲೆಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ಥಾರ್ನ್‌ಶಾ ಊರ ಪಂಚಾಯಿತಿಯ ಗುಮಾಸ್ತೆ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಮೇಲೆ ಈ ಕೆಲಸ ಒಪ್ಪಿಕೊಂಡೆ. ಅಧಿಕಾರ ವಿಕೇಂದ್ರೀಕರಣದ ಶತ್ರು ಎಂದು ನನ್ನನ್ನು ದಯವಿಟ್ಟು ತಿಳಿಯಬೇಡಿ. ಐದು ಪುರಸಭೆಗಳ ಮೇಲೆ ಒಂದು ಪ್ರಾಧಿಕಾರ ಮಾಡುತ್ತಾರಂತೆ, ಅದಕ್ಕೊಬ್ಬ ಮೇಯರ್ ಬರುತ್ತಾರಂತೆ ಎಂದಾಗ ನಮ್ಮ ಊರ ಸಭಾಮಂದಿರದಲ್ಲಿ ಎದ್ದು ನಿಂತು ಅದರ ಪರವಾಗಿ ವಾದಿಸಿದವಳು ನಾನೇ. ನಮ್ಮ ಮಳೆ, ನಮ್ಮ ಗುಡ್ಡ, ನಮ್ಮ ಬಸ್ಸು ಲಂಡನ್ನಿನಲ್ಲಿ ಕೂತವರಿಗೆ ಏನು ಗೊತ್ತು, ಅಧಿಕಾರ ನಮ್ಮ ಹತ್ತಿರ ಬರಲಿ ಎಂದಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಬಡಗಿ ಆಲ್ವಿನ್ ಶಾ, ‘ಹತ್ತಿರ ಅಂದ್ರೆ ಎಷ್ಟು ಹತ್ತಿರ, ಐರೀನ್?’ ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಹೋಗಿ ತಮಗೇ ಮತ ಹಾಕಿದೆ. ಲಂಡನ್ನಿನಿಂದ ಹೊರಟ ಅಧಿಕಾರ ನಲವತ್ತು ಮೈಲಿ ದೂರದ ತಮ್ಮ ಗಾಜಿನ ಕಟ್ಟಡದ ಏಳನೇ ಮಹಡಿಗೆ ಬಂದು ದಣಿದು ಕೂತುಬಿಟ್ಟಿತು. ನಾವಿನ್ನೂ ಬಾಗಿಲು ತೆರೆದುಕೊಂಡು ಕಾಯುತ್ತಿದ್ದೇವೆ.

ಸೇತುವೆಯ ವಿಷಯಕ್ಕೆ ಬರುತ್ತೇನೆ. ಬ್ರಾಕಲ್ ಹೊಳೆಯ ಈಚೆ ದಡದಲ್ಲಿ ನಮ್ಮ ಊರು: ಶಾಲೆ, ಡಾಕ್ಟರು, ಅಂಗಡಿ, ವೃದ್ಧಾಶ್ರಮ ಎಲ್ಲ ಇಲ್ಲೇ. ಆಚೆ ದಡದಲ್ಲಿ ಓವರ್‌ಗೇಟ್, ನಲವತ್ತಮೂರು ಮನೆ. ನಡುವೆ ಮೂವತ್ತು ಹೆಜ್ಜೆಯ ಕಾಲುಸೇತುವೆ. ನೇಕಾರರು ಕೆಲಸಕ್ಕೆ ತಡ ಮಾಡದಿರಲೆಂದು ಗಿರಣಿಯವರು ಕಟ್ಟಿಸಿದ್ದು. ಗಿರಣಿ ಮುಚ್ಚಿತು, ಸೇತುವೆ ಉಳಿಯಿತು. ಎರಡು ವರ್ಷದ ಹಿಂದೆ ಫೆಬ್ರವರಿಯ ನೆರೆ ಅದರ ಹಲಗೆ, ಕಂಬಿಗಳನ್ನು ಕೊಚ್ಚಿಕೊಂಡು ಹೋಯಿತು. ಕಲ್ಲಿನ ಕಂಬಗಳು ಮಾತ್ರ ನಿಂತವು. ಮರುದಿನವೇ ಪುರಸಭೆಯವರು ಬಂದರು. ಅವರ ಚುರುಕುತನವನ್ನು ಮೆಚ್ಚಲೇಬೇಕು. ಎರಡೂ ಕಡೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬೇಲಿ ಕಟ್ಟಿ, ‘ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂಬ ಫಲಕ ನೆಟ್ಟು ಹೋದವರು ಮತ್ತೆ ಮುಖ ತೋರಿಸಲಿಲ್ಲ. ಅಂದಿನಿಂದ ಎದುರು ದಡಕ್ಕೆ ಹೋಗಬೇಕಾದರೆ ಏಳು ಮೈಲಿ ಸುತ್ತು, ದಾರಿಯಲ್ಲಿ ಒಮ್ಮೆ ಬಸ್ಸು ಬದಲಿಸಬೇಕು. ಬಸ್ಸು ದಿನಕ್ಕೆ ಎರಡು.

ಪುರಸಭೆಗೆ ಫೋನು ಮಾಡಿದೆ. ಓಡಾಟದ ವಿಷಯವೆಲ್ಲ ಈಗ ಸಂಯುಕ್ತ ಪ್ರಾಧಿಕಾರಕ್ಕೆ ಹೋಗಿದೆ, ಅಲ್ಲಿ ಕೇಳಿ ಎಂದರು. ತಮ್ಮಲ್ಲಿ ಕೇಳಿದೆ. ನಾವು ನೋಡುವುದು ಪ್ರಾಂತ್ಯದ ಮುಖ್ಯ ಮಾರ್ಗಗಳನ್ನು ಮಾತ್ರ, ನಿಮ್ಮ ಸೇತುವೆ ನಮ್ಮ ನಕ್ಷೆಯಲ್ಲೇ ಇಲ್ಲ, ಹೊಳೆಯ ಮೇಲಿದೆಯಾದ್ದರಿಂದ ನದಿ ಇಲಾಖೆಯನ್ನು ಕೇಳಿ ಎಂದರು. ನದಿ ಇಲಾಖೆಯವರು ನೀರು ನಮ್ಮದು, ನೀರಿನ ಮೇಲಿನ ಹಲಗೆ ನಮ್ಮದಲ್ಲ, ಪುರಸಭೆಯನ್ನು ಕೇಳಿ ಎಂದರು. ಕಳೆದ ನವೆಂಬರಿನವರೆಗಿನ ಇಪ್ಪತ್ತೊಂದು ತಿಂಗಳಲ್ಲಿ ಈ ಪ್ರದಕ್ಷಿಣೆಯನ್ನು ಎಷ್ಟು ಸಲ ಹಾಕಿದೆನೋ ಲೆಕ್ಕವಿಟ್ಟಿಲ್ಲ. ಗುಡಿಯನ್ನು ಸುತ್ತಿದ್ದರೆ ದೇವರಾದರೂ ಪ್ರತ್ಯಕ್ಷನಾಗುತ್ತಿದ್ದನು. ನನಗೆ ಪ್ರತ್ಯಕ್ಷವಾದದ್ದು ತಮ್ಮ ಪ್ರಶ್ನಾವಳಿ. ದಪ್ಪ ಕಾಗದ, ಹೊಳೆಯುವ ಅಚ್ಚು. ಮೊದಲ ಪ್ರಶ್ನೆ: ‘ನಮ್ಮ ಪ್ರಾಂತ್ಯದ ಬಗ್ಗೆ ನಿಮಗೆ ಎಷ್ಟು ಹೆಮ್ಮೆ? ಒಂದರಿಂದ ಐದರೊಳಗೆ ಗುರುತು ಹಾಕಿ.’ ಸೇತುವೆ ಬೇಕೇ ಎಂಬ ಪ್ರಶ್ನೆ ಎಲ್ಲೂ ಇರಲಿಲ್ಲ. ಅಂಚಿನಲ್ಲಿ ಬರೆದು ಕಳಿಸಿದೆ. ‘ನಿಮ್ಮ ದನಿ ನಮಗೆ ಅಮೂಲ್ಯ’ ಎಂದು ಉತ್ತರ ಬಂತು. ಅಮೂಲ್ಯ ವಸ್ತುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆಂಬುದು ನನಗೆ ಆಗ ಹೊಳೆಯಲಿಲ್ಲ.

ಇಲ್ಲಿಯವರೆಗಿನದು ನಗುವ ವಿಷಯ. ಇನ್ನು ಮುಂದಿನದು ಅಲ್ಲ.

ಓವರ್‌ಗೇಟಿನ ಹೆಟ್ಟಿ ಸಗ್ಡನ್‌ಗೆ ಎಂಬತ್ತೊಂದು ವರ್ಷ. ಅವಳ ಅಕ್ಕ ಮಾಡ್ ನಮ್ಮ ಕಡೆಯ ವೃದ್ಧಾಶ್ರಮದಲ್ಲಿದ್ದಳು. ಇಬ್ಬರೂ ಮದುವೆಯಾದವರಲ್ಲ, ಒಂದೇ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗದಲ್ಲಿ ದುಡಿದವರು. ಸೇತುವೆ ಇದ್ದಾಗ ಹೆಟ್ಟಿ ದಿನವೂ ಮಧ್ಯಾಹ್ನ ಮೂರಕ್ಕೆ ಒಂದು ಫ್ಲಾಸ್ಕು ಚಹಾ, ಶುಂಠಿ ಕೇಕಿನ ಎರಡು ತುಂಡು ಹಿಡಿದು ಅಕ್ಕನ ಹತ್ತಿರ ಬರುತ್ತಿದ್ದಳು. ಸೇತುವೆ ಹೋದ ಮೇಲೆ ವಾರಕ್ಕೆ ಎರಡು ದಿನ ಬರುವುದೇ ಅವಳಿಗೆ ಸಾಹಸವಾಯಿತು. ಕಳೆದ ನವೆಂಬರಿನ ಒಂದು ಗುರುವಾರ ಊಟದ ಹೊತ್ತಿಗೆ ವೃದ್ಧಾಶ್ರಮದಿಂದ ಅವಳಿಗೆ ಫೋನು ಹೋಯಿತು: ಮಾಡ್ ಹೆಚ್ಚು ಹೊತ್ತು ಉಳಿಯುವುದಿಲ್ಲ, ಕೂಡಲೇ ಹೊರಟು ಬನ್ನಿ. ಟ್ಯಾಕ್ಸಿಗೆ ಕೇಳಿದರೆ ಸಂಜೆ ನಾಲ್ಕರವರೆಗೆ ಒಂದೂ ಇಲ್ಲ. ನೆರೆಯವರ ಕಾರುಗಳೆಲ್ಲ ಕೆಲಸಕ್ಕೆ ಹೋಗಿದ್ದವು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಏನು ಮಾಡಬೇಕೆಂದು ತೋಚದೆ ಅವಳು ಹಳೆಯ ಅಭ್ಯಾಸದಂತೆ ಹೊಳೆಯ ದಡಕ್ಕೇ ಬಂದಳು. ನಾನು ಅಂಗಡಿಯಿಂದ ಮನೆಗೆ ಹೋಗುತ್ತಿದ್ದೆ. ಕಿತ್ತಳೆ ಬೇಲಿಯ ಆಚೆ ಅವಳು, ಈಚೆ ನಾನು, ನಡುವೆ ಕಂದು ನೀರು.

‘ಐರೀನ್, ಅವಳಿಗೆ ಹೇಳೇ, ನಾನು ಬರ್ತಾ ಇದೀನಿ ಅಂತ’ ಎಂದಳು. ಹೆಟ್ಟಿ ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. ಅಂದು ಅವಳ ದನಿ ಹೊಳೆಯ ಸದ್ದನ್ನು ದಾಟಿ ಬಂತು.

ನಾನು ಓಡಿದೆ. ಮಾಡ್‌ಗೆ ಎಚ್ಚರವಿತ್ತು. ಹೆಟ್ಟಿ ಹೊರಟಿದ್ದಾಳೆ ಎಂದೆ. ‘ಸೇತುವೆ ಮೇಲಾ?’ ಎಂದು ಕೇಳಿದಳು. ಹೌದು ಎಂದೆ. ‘ಹಾಗಾದ್ರೆ ಈಗ ಬಂದೇ ಬಿಡ್ತಾಳೆ’ ಎಂದು ಬಾಗಿಲಿನ ಕಡೆ ಮುಖ ತಿರುಗಿಸಿದಳು. ನಾನು ಚರ್ಚಿಗೆ ತಪ್ಪದೆ ಹೋಗುವವಳು, ಮಾನ್ಯರೇ. ಸಾಯುವವಳ ಹತ್ತಿರ ಸುಳ್ಳು ಹೇಳಿದ್ದು ಅದೇ ಮೊದಲು. ಆ ಮುಖ ಬಾಗಿಲಿನ ಕಡೆಗೇ ಇತ್ತು. ಹೆಟ್ಟಿ ಎರಡು ಬಸ್ಸು ಹತ್ತಿ ಇಳಿದು ಒಳಗೆ ಕಾಲಿಟ್ಟಾಗ ಮಾಡ್ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಕೈ ಇನ್ನೂ ಬೆಚ್ಚಗಿದೆ ಎಂದಳು ಹೆಟ್ಟಿ. ಯಾರನ್ನೂ ಬೈಯಲಿಲ್ಲ. ಬೈಯುವುದಾದರೂ ಯಾರನ್ನು? ಆ ಪ್ರಶ್ನೆಗೆ ಮೂರು ಕಚೇರಿ ಸೇರಿ ಉತ್ತರ ಹುಡುಕಲಾಗದೆ ಕೂತಿದ್ದವಲ್ಲ.

ಮಣ್ಣು ಮಾಡಿ ಬಂದು ಸಭಾಮಂದಿರದಲ್ಲಿ ಚಹಾ ಕುಡಿಯುವಾಗ ಆಲ್ವಿನ್ ತಟ್ಟೆ ಕೆಳಗಿಟ್ಟು, ‘ಓಕ್ ಮರ ನನ್ನ ಹತ್ತಿರ ಇದೆ’ ಎಂದ. ಏತಕ್ಕೆ ಎಂದು ಯಾರೂ ಕೇಳಲಿಲ್ಲ. ಓವರ್‌ಗೇಟಿನಲ್ಲೇ ಮನೆ ಮಾಡಿರುವ ನಸ್ರೀನ್ ಅಖ್ತರ್ ಎಂಬ ಹೆಣ್ಣುಮಗಳು ಎಂಜಿನಿಯರು. ಸೇತುವೆಗಳ ಲೆಕ್ಕ ಹಾಕುವುದೇ ಅವಳ ದಿನದ ಕೆಲಸ. ಪರವಾನಗಿ ಇಲ್ಲದೆ ಕಟ್ಟಿದರೆ ತನ್ನ ಕೆಲಸಕ್ಕೇ ಕುತ್ತು ಬರಬಹುದೆಂದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ, ‘ನೀವು ಹೇಗಿದ್ರೂ ಕಟ್ತೀರಿ. ಬೀಳದ ಹಾಗೆ ಕಟ್ಟೋದಾದ್ರೆ ನಾನೂ ಇದೀನಿ’ ಎಂದಳು.

ಜನವರಿಯಿಂದ ಹದಿನಾಲ್ಕು ಶನಿವಾರ. ನಸ್ರೀನ್ ಸೊಂಟಮಟ್ಟ ನೀರಿಗಿಳಿದು ಕಲ್ಲಿನ ಕಂಬಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಮುರಿದ ಕೊಟ್ಟಿಗೆಯ ಉಕ್ಕಿನ ತೊಲೆಗಳನ್ನು ಒಬ್ಬ ರೈತ ಕೊಟ್ಟ. ಆಲ್ವಿನ್ ಹಲಗೆ ಕೊಯ್ದ. ಅವನ ಬೈಗುಳ ಎರಡು ದಡಕ್ಕೂ ಕೇಳುತ್ತಿತ್ತು. ನನ್ನ ಪಾಲಿಗೆ ಬಂದದ್ದು ದೊಡ್ಡ ಪಾತ್ರೆಯಲ್ಲಿ ಸೂಪು. ಮೇ ತಿಂಗಳ ಮೊದಲ ಶನಿವಾರ ಬೇಲಿ ಬಿಚ್ಚಿದೆವು. ಮೊದಲು ಹೆಟ್ಟಿ ದಾಟಲಿ ಎಂದು ಎಲ್ಲರೂ ಹಿಂದೆ ಸರಿದು ನಿಂತರು. ಅವಳು ಪಕ್ಕದ ಕಂಬಿ ಮುಟ್ಟದೆ ನೆಟ್ಟಗೆ ನಡೆದು ಬಂದಳು. ‘ಈಗ ಅವಳಿಗೂ ಅವಸರ ಇಲ್ಲ, ನನಗೂ ಇಲ್ಲ. ಆದ್ರೂ ದಾರಿ ಅಂತ ಒಂದು ಇರ್ಬೇಕು’ ಎಂದು ಅಕ್ಕನ ಸಮಾಧಿಯ ಕಡೆ ಹೋದಳು.

ಅದಾಗಿ ಎರಡು ವಾರದೊಳಗೆ ಮೂರು ನೋಟಿಸು ಬಂದವು. ಇದು ತನ್ನ ಕಾಲುದಾರಿಯ ಮೇಲಿನ ಅನಧಿಕೃತ ನಿರ್ಮಾಣ ಎಂದು ಪುರಸಭೆ. ತನ್ನ ಅನುಮತಿಯಿಲ್ಲದೆ ಹೊಳೆ ದಾಟಿದ್ದು ಅಪರಾಧ ಎಂದು ನದಿ ಇಲಾಖೆ. ತಮ್ಮ ಸಾರಿಗೆ ಜಾಲದಲ್ಲಿ ಅಕ್ರಮ ಹಸ್ತಕ್ಷೇಪ ಎಂದು ತಾವು. ಕೂಸು ಅಳುವಾಗ ಎತ್ತಿಕೊಳ್ಳಲು ಒಬ್ಬರಿಲ್ಲ. ಅದು ಎದ್ದು ನಡೆದ ಕೂಡಲೇ ಅಪ್ಪಂದಿರು ಮೂವರು! ನಕ್ಷೆಯಲ್ಲೇ ಇಲ್ಲದ ಸೇತುವೆ ತಮ್ಮ ಜಾಲದೊಳಗೆ ಬಂದು ಸಿಕ್ಕಿಕೊಂಡದ್ದು ಯಾವಾಗ, ಮಾನ್ಯರೇ? ಕಟ್ಟಲು ಇಲ್ಲದ ಅಧಿಕಾರ ಕೆಡವಲು ಎಲ್ಲಿಂದ ಬಂತು?

ಮೂರೂ ಕಚೇರಿಗಳ ಪರವಾಗಿ ಒಬ್ಬ ತಪಾಸಣಾಧಿಕಾರಿ ಬಂದಿದ್ದರು. ಸಭ್ಯರು. ತಟ್ಟಿ ನೋಡಿದರು, ಅಳೆದರು, ಆಚೆ ದಡಕ್ಕೆ ಹೋದರು, ಕಾರು ಈಚೆ ಇದ್ದುದರಿಂದ ಸೇತುವೆಯ ಮೇಲೆಯೇ ವಾಪಸು ಬಂದರು. ಹೇಗಿದೆ ಎಂದೆ.

‘ಗಟ್ಟಿಯಾಗಿದೆ ಮೇಡಂ’ ಎಂದರು. ‘ಅದೇ ತೊಂದರೆ ಆಗಿರೋದು. ಅಪಾಯ ಅಂತ ಬರೆಯೋಕೆ ಆಗಲ್ಲ.’

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮೂರು ಕಚೇರಿಗಳಲ್ಲಿ ಈ ಸೇತುವೆ ಯಾರದ್ದೆಂದು ಒಂದು ಹಾಳೆಯಲ್ಲಿ, ಒಂದು ಸಹಿಯೊಂದಿಗೆ ಬರೆದುಕೊಡಿ; ಮುಂದಿನ ನೆರೆಯಲ್ಲಿ ಯಾರ ಬಾಗಿಲು ತಟ್ಟಬೇಕೆಂದು ನಮಗೆ ಗೊತ್ತಿರಲಿ. ಯಾರಿಗೂ ಬೇಡವಾದರೆ ಊರ ಪಂಚಾಯಿತಿಗೆ ಬಿಟ್ಟುಕೊಡಿ, ನಾವು ನೋಡಿಕೊಳ್ಳುತ್ತೇವೆ. ಅಧಿಕಾರವನ್ನು ಕೆಳಗಿಳಿಸುವುದೆಂದರೆ ಇದೇ ಅಲ್ಲವೇ? ನಸ್ರೀನ್ ಅಖ್ತರ್ ಮೇಲೆ ಕ್ರಮ ಕೈಗೊಳ್ಳಿ ಎಂದು ತಮ್ಮ ಕಚೇರಿ ಅವಳ ಕಂಪನಿಗೆ ಬರೆದ ಪತ್ರವನ್ನು ಇಂದೇ ರದ್ದು ಮಾಡಿ. ಹೆಸರು ಬೇಕಿದ್ದರೆ ನನ್ನ ಹೆಸರು ಹಾಕಿಕೊಳ್ಳಿ. ಆಲ್ವಿನ್ ತನ್ನದನ್ನೂ ಹಾಕಲು ಹೇಳಿದ್ದಾನೆ, ಓವರ್‌ಗೇಟಿನ ನಲವತ್ತಮೂರು ಮನೆಯವರೂ ಹೇಳಿದ್ದಾರೆ.

ಗಡುವು ಮುಗಿಯುವುದು ಜೂನ್ ಹದಿನಾಲ್ಕು, ಶನಿವಾರ. ಅಂದು ಬೆಳಗಿನಿಂದ ಸೇತುವೆಯ ನಡುವೆ ಕುರ್ಚಿ ಹಾಕಿಕೊಂಡು ಕೂರುವುದಾಗಿ ಹೆಟ್ಟಿ ಸಗ್ಡನ್ ತಿಳಿಸಿದ್ದಾಳೆ. ನಾವೆಲ್ಲ ಎರಡೂ ದಡದಲ್ಲಿರುತ್ತೇವೆ. ತಮ್ಮ ಆಳುಗಳನ್ನು ಕಳಿಸಬೇಡಿ. ತಾವೇ ಬನ್ನಿ, ಅವಳ ಎದುರು ನಿಂತು, ‘ಏಳಮ್ಮ, ಇದನ್ನು ಕೀಳಬೇಕು’ ಎಂದು ತಾವೇ ಹೇಳಿ. ಅವಳು ಎದ್ದರೆ ನಾವೇ ಸುತ್ತಿಗೆ ಕೊಡುತ್ತೇವೆ.

ಇಂತಿ,
ತಮಗೆ ಮತ ಹಾಕಿ, ಅದಕ್ಕೆ ಊರಿನವರಿಂದ ಇಂದಿಗೂ ಹಂಗಿಸಿಕೊಳ್ಳುತ್ತಿರುವ
ಐರೀನ್ ಬ್ಯಾರಕ್ಲಫ್
ಸಂಬಳವಿಲ್ಲದ ಗುಮಾಸ್ತೆ, ಥಾರ್ನ್‌ಶಾ ಊರ ಪಂಚಾಯಿತಿ