ಬ್ಯಾಂಕಿನವನನ್ನು ಗಂಡಿನ ಕಡೆಯವನೆಂದುಕೊಂಡರು

ಕೋಕಿಲಾ, ರಾತ್ರಿಪಾಳಿ ಮುಗಿಸಿ ಮಲಗಿದ್ದೀಯೆಂದು ಎಬ್ಬಿಸಲಿಲ್ಲ. ಎದ್ದ ಕೂಡಲೇ ಬ್ಯಾಂಕಿಗೆ ಫೋನ್ ಮಾಡು. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ.

ಹಳೆಯ ಕಾರ್ಡಿನ ಸಾಲವನ್ನು ಕಡಿಮೆ ಬಡ್ಡಿಯ ಹೊಸ ಕಾರ್ಡಿಗೆ ವರ್ಗಾಯಿಸಲು ಅರ್ಜಿ ಹಾಕಿದ್ದೆಯಲ್ಲ, ಅದರ ವಿಚಾರಣೆಗೆ ನಿನ್ನೆ ನೀನು ಪಾಳಿಗೆ ಹೋದ ಮೇಲೆ ಬ್ಯಾಂಕಿನವನೊಬ್ಬ ಬಂದಿದ್ದ. ಎದುರುಮನೆಯ ರೇಣುಕಾ ಆಂಟಿಯನ್ನೂ ಕೇಳಿದ. ಹುಡುಗಿ ಹೇಗೆ, ಎಲ್ಲಿ ಕೆಲಸ ಎಂದದ್ದೇ ತಡ, ಅವರು ಗಂಡಿನ ಕಡೆಯವನೆಂದು ತಿಳಿದು, "ಬಂಗಾರದಂಥಾ ಹುಡುಗಿರಿ! ನೀವು ಹೂಂ ಅಂದ್ರ ನಾಳೆನೇ ನೌಕರಿ ಬಿಡ್ತಾಳ್ರಿ" ಎಂದುಬಿಟ್ಟರು. ಅವನು ಅದನ್ನೇ ಬರೆದುಕೊಂಡ. ಸಾಲದ ಸುದ್ದಿ ಇಡೀ ಅಪಾರ್ಟ್‌ಮೆಂಟಿಗೆ ಹಬ್ಬೀತೆಂದು ನಾನು ಬಾಗಿಲಲ್ಲೇ ಬಾಯಿ ಮುಚ್ಚಿ ನಿಂತೆ. ಕೆಳಗಿಳಿದು ಹೋಗುವಷ್ಟರಲ್ಲಿ ಅವನು ಬೈಕ್ ಹತ್ತಿ ಹೊರಟಿದ್ದ.

ಕೆಲಸ ಬಿಡುವುದಿಲ್ಲ ಎಂದು ಗಟ್ಟಿಯಾಗಿ ಹೇಳು. ಈ ಕಾರ್ಡ್ ಸಿಗದಿದ್ದರೆ ನಿನ್ನ ಸಂಬಳವೆಲ್ಲ ಬಡ್ಡಿಗೇ ಹೋಗುತ್ತದೆ.

ಆಂಟಿ ಬೆಳಗ್ಗೆಯೇ ಬಂದು ಹುಡುಗನ ಹೆಸರು ಕೇಳಿದರು. ಅಪ್ಪನ ಪಿಂಚಣಿ ವಿಚಾರಿಸಿಕೊಂಡು ನಾನು ನಾಂಪಲ್ಲಿಯ ಕಚೇರಿಯಿಂದ ಬರುವವರೆಗೆ ಬಾಗಿಲು ತೆಗೆಯಬೇಡ.

ನೀನು ಬಿಡಬೇಕೆಂದು ದಿನಾ ಅಳುವ ಕೆಲಸ ಅದು, ನನಗೆ ಗೊತ್ತು ಕಂದಾ. ಆದರೂ ಬಿಡುವುದಿಲ್ಲ ಎಂದೇ ಹೇಳು. ಹೇಳುವಾಗ ದನಿ ನಡುಗದಿರಲಿ.

ಅವ್ವ