ಬೋರ್ಡಿನ ಮೇಲೆ ನಿನ್ನ ಹೆಸರು

ಸೊರಬ, ೧೯೫೮

ಪ್ರಿಯ ಮರುಳಸಿದ್ದಪ್ಪ,

ಇವತ್ತು ತರಗತಿಯಲ್ಲಿ, ರಜೆಗೆ ನಮ್ಮೂರಿಗೆ ಬಾ ಎಂದು ಗೆಳೆಯನನ್ನು ಕರೆಯುವ ಇಂಗ್ಲಿಷ್ ಪತ್ರ ಬರೆಸಿದೆ. ಮಾದರಿಗೆಂದು ಬೋರ್ಡಿನ ಮೇಲೆ ನಿನ್ನ ಹೆಸರು, ಶಿಕಾರಿಪುರದ ವಿಳಾಸ ಬರೆದಿದ್ದೆ. ನಾವು ಮಾತು ಬಿಟ್ಟ ಮೇಲೆ ನನ್ನ ಕೈ ಅದನ್ನು ಬರೆದದ್ದು ಇದೇ ಮೊದಲು.

ಹೆಸರು ಬದಲಿಸಿಕೊಳ್ಳಿ ಎಂದಿದ್ದೆ. ಮಕ್ಕಳು ತಂತಮ್ಮ ಊರನ್ನು ಸೇರಿಸಿ, ಮೇಷ್ಟ್ರ ಗೆಳೆಯರ ಹೆಸರು ತೆಗೆಯುವುದು ಮರ್ಯಾದೆಯಲ್ಲವೆಂದು ಹಾಗೇ ಬಿಟ್ಟಿದ್ದಾರೆ. ಉಳವಿಯಿಂದ, ಹೊಸಬಾಳೆಯಿಂದ, ಇಡೀ ತರಗತಿ ನಿನ್ನನ್ನೇ ಕರೆದಿದೆ. ವ್ಯಾಕರಣ ತಿದ್ದಿದೆ, ನಿನ್ನ ಹೆಸರಿಗೆ ಕೆಂಪು ಶಾಯಿ ತಾಗಿಸಲಿಲ್ಲ.

ಕೊನೆಗೆ ಹೂವಮ್ಮ ಎಂಬ ಹುಡುಗಿ ಎದ್ದು ಕೇಳಿದಳು: "ಸಾರ್, ಅವ್ರು ಮೊದ್ಲು ಯಾರ ಮನೆಗ್ ಬರ್ತಾರೆ?"

"ಇದು ಬರೀ ಅಭ್ಯಾಸಕ್ಕಮ್ಮ" ಎಂದೆ.

ಈಗ ಕೋಣೆಯಲ್ಲಿ ಒಬ್ಬನೇ ಕೂತು ನಾನೂ ಅದೇ ಅಭ್ಯಾಸ ಮಾಡುತ್ತಿದ್ದೇನೆ.