ಮಲಗಿಸಿದ ಮಿಸೆಸ್

ಜುಲೈ 9. ಸಂಜೆ ಆರು.
ಮಾರಲು ಮಾಡಿದ ಜಾನಿ ಕೇಕ್ ಮಧ್ಯಾಹ್ನಕ್ಕೇ ಖಾಲಿ. ತೆಂಗಿನಕಾಯಿ ಬ್ರೆಡ್ ಎರಡು ಉಳಿದಿದೆ. ಬಟ್ಟೆ ಒಗೆದೆ. ಡೆನ್ಜಿಲ್ ಬಂದಿದ್ದ — ನನ್ನ ಗಂಡ ಹಾರ್ಕೋರ್ಟ್‌ನ ಚಿಕ್ಕಪ್ಪನ ಮಗ, ಒಂದೇ ದೋಣಿಯಿಂದ ಲಾಬ್ಸ್ಟರ್‌ಗೆ ಮುಳುಗುತ್ತಿದ್ದವರು. ಹಾರ್ಕೋರ್ಟ್‌ನ ಗಾಳಿ ಜಾಕೆಟ್ ವಾಪಸ್ ಕೊಟ್ಟ. ಮಾರ್ಚ್‌ನಲ್ಲಿ ಅವನು ಹೋದಾಗಿನಿಂದ ಇವನ ಹತ್ತಿರವೇ ಇತ್ತು. ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿದ್ದಾನೆ. ರಬ್ಬರ್ ಉಂಗುರಕ್ಕೆ ಗ್ರೀಸ್ ಕೂಡ ಹಚ್ಚಿದ್ದಾನೆ. ಸತ್ತವನ ಜಾಕೆಟ್‌ಗೆ ಇಷ್ಟು ಆರೈಕೆ ಯಾಕೆ?
ಕಾಫಿ ಬೇಡ ಅಂದ. ಯಾವತ್ತೂ ಬೇಡ ಅಂದವನಲ್ಲ.

ಜುಲೈ 10
ಆ ಜಾಕೆಟ್ ಹಟ ಹಿಡಿದು ತರಿಸಿದ್ದು ನಾನು. ಉಸಿರು ಹಿಡಿದು ಮುಳುಗುವವರಿಗೆ ಇನ್ಯಾವ ಆಸರೆ ಇದೆ? ಇಷ್ಟು ಹೊತ್ತು ಅಂತ ಮೊದಲೇ ಗೊತ್ತುಮಾಡಿ ಇಳಿಯಬೇಕು. ಅಷ್ಟರಲ್ಲಿ ಮೇಲೆ ಬರದಿದ್ದರೆ ಒಳಗಿನ ಪುಟ್ಟ ಸಿಲಿಂಡರ್ ತಾನೇ ಚುಚ್ಚಿಕೊಂಡು ಗಾಳಿ ತುಂಬುತ್ತದೆ. ಪ್ರಜ್ಞೆ ತಪ್ಪಿದವನನ್ನೂ ಎತ್ತಿ ತರುತ್ತದೆ. ಹಾರ್ಕೋರ್ಟ್‌ನನ್ನು ತರಲಿಲ್ಲ. ಡೆನ್ಜಿಲ್ ಎಳೆದು ತಂದ. ಉಬ್ಬಲೇ ಇಲ್ಲ, ಯಂತ್ರ ಅಲ್ವಾ, ಕೈಕೊಡುತ್ತೆ ಅಂತ ಅವನೇ ಹೇಳಿದ್ದು. ಅಲ್ಲಿ ಇದ್ದವನೂ ಅವನೊಬ್ಬನೇ.

ಜುಲೈ 14
ದೋಣಿ ನಿಲ್ಲುವ ಕಟ್ಟೆಗೆ ಶಂಖದ ಮಾಂಸ ತರಲು ಹೋಗಿದ್ದೆ. ಮೀನು ಹೆಚ್ಚುವ ಹಲಗೆಯ ಆಚೆ ಗಂಡಸರು. ನನ್ನನ್ನು ನೋಡಿರಲಿಲ್ಲ.
"ಹಾರ್ಕೋರ್ಟ್‌ನ ಮಿಸೆಸ್ ಅವತ್ತೂ ಮಲಗಿದ್ಲಲ್ಲ."
ಯಾರೋ ಶ್ ಅಂದರು. ಎಲ್ಲರೂ ಚಾಕು ನೋಡುತ್ತ ನಿಂತರು.
ಅವತ್ತು ನಾನು ಮಲಗಿರಲಿಲ್ಲ. ಒಲೆ ಮುಂದೆ ಇದ್ದೆ. ಏನು ಮಾತು ಇದು... ಬೇರೆ ಹೆಂಗಸು? ಇವರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿಲ್ಲದ್ದು?

ಜುಲೈ 15
ಟಮಿಕಾ ಹೇಳಿಯೇಬಿಟ್ಟಳು. ಆಗಸ್ಟ್ ಒಂದಕ್ಕೆ ಲಾಬ್ಸ್ಟರ್ ಹಿಡಿಯುವ ಕಾಲ ಶುರು, ಡೆನ್ಜಿಲ್ ಚಿಕ್ಕಪ್ಪನ ದೋಣಿಯಲ್ಲಿ ಅಪ್ಪನ ಜಾಗಕ್ಕೆ ತಾನು. ಇಪ್ಪತ್ತೆರಡು ವರ್ಷದ ಮಗಳಿಗೆ ಬೇಡ ಅಂದರೆ ಕೇಳುತ್ತಾಳೆಯೇ? ಅಪ್ಪನ ಜಾಕೆಟ್ ಇದೆಯಲ್ಲಮ್ಮ, ಅಂದಳು.

ಜುಲೈ 21. ಮಧ್ಯಾಹ್ನ.
ಬಾಗಿಲು ಹಾಕಿ ಜಾಕೆಟ್ ಬಿಚ್ಚಿದೆ. ಸಿಲಿಂಡರ್ ತಿರುಗಿಸಿ ತೆಗೆದೆ. ಬಾಯಿಯಲ್ಲಿ ತೂತು. ತೂತಿನ ಸುತ್ತ ತುಕ್ಕು, ಹಳೆಯದು. ಹಿಟ್ಟು ತೂಗುವ ತಕ್ಕಡಿಯಲ್ಲಿ, ಟಮಿಕಾ ತಂದಿಟ್ಟಿದ್ದ ಹೊಸದರ ಪಕ್ಕಕ್ಕೆ ಇಟ್ಟೆ. ಹಗುರ. ಖಾಲಿ.
ಅವತ್ತು ಜಾಕೆಟ್ ಉಬ್ಬಿರಲಿಲ್ಲ. ಅಂದರೆ ಮುಳುಗುವ ಮೊದಲೇ ಖಾಲಿ. ಯಂತ್ರ ಕೈಕೊಟ್ಟಿದ್ದಲ್ಲ. ಯಾರೋ ಖಾಲಿಯದನ್ನು ಹಾಕಿದ್ದು.
ಯಾರೋ ಯಾಕೆ. ದೋಣಿಯಲ್ಲಿ ಇದ್ದವರು ಇಬ್ಬರೇ.

ಜುಲೈ 22
ಡೆನ್ಜಿಲ್ ದೋಣಿಗೆ ಬಣ್ಣ ಹೊಡೆಯುತ್ತಿದ್ದ. ಸಿಲಿಂಡರನ್ನು ಅವನ ಬಣ್ಣದ ಡಬ್ಬಿಯ ಪಕ್ಕ ಇಟ್ಟೆ. ಬಗ್ಗಿ ಅದರ ತೂತು ನೋಡಿದ.
"ನಾನು ಹಾಕಿದ್ದಲ್ಲ ಅತ್ತಿಗೆ. ಅವನೇ."
ನಾನು ನಂಬಲಿಲ್ಲ. ಹೇಳು ಅಂದೆ. ಬ್ರಷ್ ಕೆಳಗಿಡದೆಯೇ ಹೇಳಿದ. ಹೋದ ವರ್ಷ ಹಾರ್ಕೋರ್ಟ್ ಬಂಡೆಯ ಚಾಚಿನ ಕೆಳಗೆ ಲಾಬ್ಸ್ಟರ್‌ಗೆ ಕೈ ಹಾಕಿದ್ದಾಗ ಹೊತ್ತು ಮೀರಿ ಜಾಕೆಟ್ ಉಬ್ಬಿತಂತೆ. ಅವನನ್ನು ಬಂಡೆಗೆ ಒತ್ತಿ ಹಿಡಿದುಬಿಟ್ಟಿತಂತೆ. ಇವನು ಹೋಗಿ ಚಾಕುವಿನಿಂದ ಸೀಳಿ ಬಿಡಿಸಿದ. ಅಂದಿನಿಂದ ಇಬ್ಬರೂ ಖಾಲಿ ಸಿಲಿಂಡರ್. ಆಮೇಲೆ ಕಟ್ಟೆಯವರೆಲ್ಲ.
"ಇದಕ್ಕೆ ನಾವು ಮಿಸೆಸ್ ಅಂತೀವಿ. ತಡ ಆದ್ರೆ ಕತ್ತಿನಪಟ್ಟಿ ಹಿಡಿದು ಎಳೀತಾಳಲ್ಲ. ಖಾಲಿದು ಹಾಕಿದ್ರೆ ಮಿಸೆಸ್‌ನ ಮಲಗಿಸಿದ್ವಿ ಅಂತ."
ಹಾಗಾದರೆ ಜಾಕೆಟ್ ಹೊತ್ತುಕೊಂಡು ಹೋಗುತ್ತಿದ್ದದ್ದು ಯಾಕೆ ಅಂದೆ.
"ನೀವು ಬಾಗಿಲಲ್ಲಿ ನಿಂತು ನೋಡ್ತಿದ್ರಲ್ಲ ಅತ್ತಿಗೆ."
ಮಾರ್ಚ್‌ನಿಂದ ಯಾಕೆ ಇಟ್ಟುಕೊಂಡೆ? ತುಂಬಿದ ಸಿಲಿಂಡರ್ ಹಾಕಿ ಕೊಡೋಣ, ಯಂತ್ರ ಕೆಟ್ಟಿತ್ತು ಅಂತಲೇ ನೀವು ಅಂದ್ಕೊಳ್ಳಿ ಅಂತಿದ್ದೆ, ಕೈ ಬರಲಿಲ್ಲ, ಅಂದ.
ಸತ್ತವನ ಮೇಲೆ ಹೊರಿಸುವುದು ಸುಲಭ. ಮನೆಗೆ ಬಂದು ಜಾಕೆಟ್ ಮಗುಚಿ ನೋಡಿದೆ. ಭುಜದ ಹತ್ತಿರ ತೇಪೆ. ಹವಳ ತಾಗಿ ಹರಿಯಿತು ಅಂದಿದ್ದ ಹಾರ್ಕೋರ್ಟ್. ತೇಪೆಯ ಒಳಗಿನ ಸೀಳು ಚಾಕು ಹಾಕಿದಂತೆ ನೇರ. ಹವಳ ಹಾಗೆ ಹರಿಯುವುದಿಲ್ಲ.
ಯಾರನ್ನು ಬಯ್ಯಲಿ.

ಜುಲೈ 31. ನಾಲ್ಕು ಗಂಟೆ.
ಇಷ್ಟು ದಿನ ಬರೆಯಲಾಗಲಿಲ್ಲ.
ಟಮಿಕಾ ಹಿತ್ತಲಲ್ಲಿ ಜಾಕೆಟ್ ಸಿದ್ಧ ಮಾಡುತ್ತಿದ್ದಳು. ನೀನೂ ಮಲಗಿಸುತ್ತೀಯಾ ಅಂತ ಕೇಳಿದೆ. ಇಲ್ಲ ಅಂದಳು. ಬೇಗ ಅಂದಳು. ಅವಳಪ್ಪನೂ ಹೀಗೇ ಬೇಗ ಹೇಳುತ್ತಿದ್ದ.
ತೋರಿಸು ಅಂದೆ. ಸಿಲಿಂಡರ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ಬಾಯಿ ಮುಚ್ಚಿದೆ, ತೂತಿಲ್ಲ. ತೂಗಿದೆ. ತುಂಬಿದೆ. ನನ್ನ ಕಣ್ಣೆದುರೇ ಮತ್ತೆ ಹಾಕಿ ಬಿಗಿ ಮಾಡಿದಳು.
"ಆಯ್ತಾ?"
ನಾನು ಬಿಗಿ ಮಾಡಿದ ಜಾಗ ಮುಟ್ಟಿ ನೋಡಿದೆ.
"ದೋಣಿ ಮೇಲೆ ಬದಲಾಯಿಸ್ತಾಳೆ ಅಂತ ತಾನೇ ನಿನ್ನ ಅನುಮಾನ?"
"ಹೌದು."
ಅವಳು ನಗಲಿಲ್ಲ. ಬಂಡೆ ಕೆಳಗೆ ಸಿಕ್ಕಿಹಾಕ್ಕೊಂಡ್ರೆ ಏನಮ್ಮ ಮಾಡ್ಲಿ, ಅಂದಳು. ಬಂಡೆ ಕೆಳಗೆ ಹೋಗಬೇಡ ಅಂದೆ. ಲಾಬ್ಸ್ಟರ್ ಇರೋದು ಅಲ್ಲೇ ಅಂದಳು.

ನಾನೂ ಬರುತ್ತೇನೆ ಅಂತ ಡೆನ್ಜಿಲ್‌ಗೆ ಹೇಳಿ ಕಳಿಸಿದ್ದೇನೆ. ಬ್ರೆಡ್‌ಗೆ ಹಿಟ್ಟು ನಾದಿಲ್ಲ. ಬೆಳಿಗ್ಗೆ ಐದಕ್ಕೆ ದೋಣಿ ಬಿಡುತ್ತದೆ. ಮೂರು ಜನ.